ಒಳಗಿದ್ದಾರೆ ಕೊಲ್ಲಿ

ಉತ್ತರದ ಹಿಮನದಿಗಳ ಕರಾವಳಿಗೆ ಬೇಸಿಗೆಯಲ್ಲಿ ವಿಹಾರಕ್ಕೆ ಹೊರಡುವ ಹಡಗುಗಳು ದಾರಿಯ ಸಣ್ಣ ಸಣ್ಣ ಬಂದರುಗಳಲ್ಲಿ ನಿಲ್ಲುತ್ತವೆ. ಉಣ್ಣೆಯ ಟೋಪಿ, ಹೊಗೆಯಲ್ಲಿ ಒಣಗಿಸಿದ ಮೀನು, ಹುಲ್ಲಿನ ಬುಟ್ಟಿ ಕೊಳ್ಳಲು ಪ್ರಯಾಣಿಕರಿಗೆ ಬೇಕಾದಷ್ಟು ಹೊತ್ತು ಕೊಟ್ಟು, ಕೊನೆಗೆ ಒಂದು ಇಕ್ಕಟ್ಟಾದ ಕೊಲ್ಲಿಯತ್ತ ತಿರುಗುತ್ತವೆ. ಅಲ್ಲಿ ಇಳಿಯಲು ಕಟ್ಟೆಯಿಲ್ಲ, ಅಂಗಡಿಯಿಲ್ಲ. ಎರಡೂ ಕಡೆ ಕಡಿದಾದ ಕರಿಬಂಡೆ, ಅದರ ಮೈಮೇಲೆ ಇಳಿಯುವ ನೀರಿನ ಎಳೆಗಳು, ಕೊನೆಯಲ್ಲಿ ದಾರಿಗೆ ಅಡ್ಡ ನಿಂತ ನೀಲಿ ಹಿಮದ ಗೋಡೆ. ಕೊಲ್ಲಿಯ ಬಾಯಲ್ಲಿ, ಎಡಗಡೆಗೆ, ಹಾಸುಗಲ್ಲಿನಂಥ ಚಪ್ಪಟೆ ಬಂಡೆಯೊಂದಿದೆ. ಅದರ ಬಿರುಕಿನಲ್ಲಿ ದೋಣಿ ನಡೆಸುವ ಮರದ ಹುಟ್ಟೊಂದನ್ನು ಅಲಗು ಮೇಲಾಗಿ ನೆಟ್ಟಗೆ ನಿಲ್ಲಿಸಿದ್ದಾರೆ. ಆ ಬಂಡೆಯನ್ನು ದಾಟುವಾಗ ಯಾವ ಹಡಗೂ ಸೀಟಿ ಹಾಕುವುದಿಲ್ಲ. ಮೇಲಿನ ಡೆಕ್ಕಿನ ಹಾಡು ನಿಲ್ಲುತ್ತದೆ. ಕೆಳಗೆ ಅಡುಗೆಮನೆಯಲ್ಲಿ ನಾವು ಕೂಡ ಪಾತ್ರೆಗಳನ್ನು ಸದ್ದಾಗದಂತೆ ಇಡುತ್ತೇವೆ.

ನಾನು ಹೊನ್ನಾವರದ ಕಡೆಯವನು. ಈ ದಾರಿಯ ಹಡಗೊಂದರಲ್ಲಿ ಬಹಳ ಬೇಸಿಗೆಗಳನ್ನು ಬ್ರೆಡ್ಡು ಬೇಯಿಸುತ್ತ ಕಳೆದಿದ್ದೇನೆ. ಈ ಕೊಲ್ಲಿಗೆ ಆ ಸೀಮೆಯ ಮೂಲನಿವಾಸಿಗಳ ಮಾತಿನಲ್ಲಿ ಒಂದು ಹೆಸರಿದೆ. ಅದರ ಅರ್ಥ ‘ಒಳಗಿದ್ದಾರೆ’ ಎಂದು. ಹಡಗಿನಲ್ಲಿರುವ ನಮ್ಮ ಕಡೆಯ ಹುಡುಗರೆಲ್ಲ ಇದನ್ನು ಒಳಗಿದ್ದಾರೆ ಕೊಲ್ಲಿ ಎಂದೇ ಕರೆಯುತ್ತಾರೆ. ಹೆಸರು ಕೇಳಿದ ಪ್ರಯಾಣಿಕರು ‘ಯಾರು ಒಳಗಿದ್ದಾರೆ?’ ಎಂದು ಕೇಳುತ್ತಾರೆ, ಉತ್ತರ ಬರುವಷ್ಟರಲ್ಲಿ ಫೋಟೋ ತೆಗೆಯಲು ಓಡುತ್ತಾರೆ. ಜನ ಹಿಮ ನೋಡಲು ಬರುತ್ತಾರೋ, ಹಿಮದ ಮುಂದೆ ತಮ್ಮನ್ನೇ ನೋಡಿಕೊಳ್ಳಲು ಬರುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ಓಡದೆ ನಿಂತವರಿಗೆ ಪರಸ್ಕೇವಾ ಎಂಬ ಹೆಂಗಸು ಕತೆ ಹೇಳುತ್ತಾಳೆ. ಕೊಲ್ಲಿಯ ಹೊರಗಿನ ದ್ವೀಪದಲ್ಲಿರುವ ಮೂಲನಿವಾಸಿಗಳ ಹಳ್ಳಿಯವಳು. ಪ್ರಯಾಣಿಕರಿಗೆ ಊರಿನ ಸಂಗತಿ ಹೇಳಲೆಂದು ಕೊಲ್ಲಿಯ ಹಿಂದಿನ ಬಂದರಿನಲ್ಲಿ ಹಡಗು ಹತ್ತುತ್ತಾಳೆ. ನಾನು ಕೇಳಿದ್ದು ಅವಳ ಬಾಯಿಂದ, ಅದೂ ಬಿಸಿ ಬನ್ನಿನ ಆಸೆಗೆ ಅವಳು ಅಡುಗೆಮನೆಯ ಬಾಗಿಲಲ್ಲಿ ಕೂತಿರುತ್ತಿದ್ದ ಹೊತ್ತುಗಳಲ್ಲಿ.

ಹಿಂದೆ ಒಮ್ಮೆ, ಹಡಗುಗಳು ಉಗಿಯಿಂದ ಓಡುತ್ತಿದ್ದ ಕಾಲದಲ್ಲಿ, ಆ ಹಳ್ಳಿಯವರು ಸೀಲ್ ಎಂಬ ಕಡಲಪ್ರಾಣಿಯ ಬೇಟೆಗೆಂದು ತೊಗಲಿನ ದೋಣಿಗಳಲ್ಲಿ ಈ ಕೊಲ್ಲಿಗೆ ಬರುತ್ತಿದ್ದರು. ತೇಲುವ ಹಿಮದ ಹಾಸುಗಳ ಮೇಲೆ ಸೀಲ್‌ಗಳು ಮರಿ ಹಾಕಿ ಮಲಗಿರುತ್ತವೆ. ಆದರೆ ಹಿಮದ ಗೋಡೆ ಸದ್ದು ಕೇಳಿದರೆ ಮುನಿಯುತ್ತದೆ ಎಂಬುದು ಅವರ ನಂಬಿಕೆ. ಅದನ್ನು ಅವರು ಅಜ್ಜ ಎಂದು ಕರೆಯುತ್ತಿದ್ದರು, ಅಜ್ಜನ ಎದುರು ಪಿಸುಮಾತಿನಲ್ಲಿಯೇ ಮಾತಾಡುತ್ತಿದ್ದರು. ಹೀಗಾಗಿ ಒಂದು ಕಟ್ಟಳೆ ಬೆಳೆದು ಬಂದಿತ್ತು. ಕೊಲ್ಲಿಯ ಬಾಯಿಯ ಬಂಡೆಯ ಮೇಲೆ ಊರಿಗೆಲ್ಲ ಸೇರಿದ ಒಂದು ಹುಟ್ಟು ಮಲಗಿರುತ್ತಿತ್ತು. ಒಳಗೆ ಹೋಗುವವರು ಅದನ್ನು ಎತ್ತಿ ನಿಲ್ಲಿಸಿ ಹೋಗಬೇಕು, ಕೊನೆಗೆ ಹೊರಬಂದವರು ಮಲಗಿಸಬೇಕು. ಹುಟ್ಟು ನಿಂತಿದ್ದರೆ ಒಳಗೆ ಜನ ಇದ್ದಾರೆ, ಸದ್ದು ಮಾಡಬೇಡಿ ಎಂದರ್ಥ. ಕೊನೆಗೆ ಹೊರಬಂದವರನ್ನು ಬಿಟ್ಟು ಬೇರೆ ಯಾರೂ ಅದನ್ನು ಮಲಗಿಸುವಂತಿರಲಿಲ್ಲ. ಒಳಗಿದ್ದವರಿಗೆ ಅಪಾಯ ಕಂಡರೆ ಕೂಗುವಂತೆಯೂ ಇರಲಿಲ್ಲ. ಹುಟ್ಟಿನ ಹಿಡಿಯಿಂದ ದೋಣಿಯ ಅಂಚನ್ನು ತಟ್ಟುತ್ತಿದ್ದರು. ಅದು ಯಾರ ಕಿವಿಗೆ ಬೀಳುತ್ತದೋ ಅವರು ತಮ್ಮ ದೋಣಿಯನ್ನು ತಿರುಗಿ ತಟ್ಟಿ, ಕೇಳಿಸಿತು ಎಂದು ತಿಳಿಸಬೇಕಾಗಿತ್ತು.

ಆ ಹಳ್ಳಿಯಲ್ಲಿ ನಿಕಿಫೋರ್ ಎಂಬ ತರುಣನಿದ್ದ. ರಷ್ಯದ ಪಾದ್ರಿಗಳು ಆ ಕರಾವಳಿಗೆ ಬಂದು ಹೋದ ಮೇಲೆ ಅಲ್ಲಿನ ಜನಕ್ಕೆ ಇಂಥ ಹೆಸರುಗಳು ಉಳಿದುಕೊಂಡಿವೆ. ಅವನ ಅಕ್ಕ ಮತ್ರೋನಾ. ತಾಯಿಯಿಲ್ಲದ ತಮ್ಮನನ್ನು ಸಾಕಿ ಬೆಳೆಸಿದವಳು ಅವಳೇ. ಅಕ್ಕನ ಗಂಡ ವಸೀಲಿ ಬೇಟೆಯಲ್ಲಿ ಜಾಣ, ಉಳಿದದ್ದರಲ್ಲೆಲ್ಲ ಮರೆಗುಳಿ. ತನ್ನ ಊಟ ಆಯಿತೋ ಇಲ್ಲವೋ ಎಂದು ಹೆಂಡತಿಯನ್ನು ಕೇಳುವ ಜಾತಿಯ ಮನುಷ್ಯ. ಕೊಲ್ಲಿಯಿಂದ ಹೊರಬರುವಾಗ ಹುಟ್ಟನ್ನು ಮಲಗಿಸಲು ಅವನು ಎಷ್ಟೋ ಸಲ ಮರೆತಿದ್ದ. ಊರವರು ಅವನನ್ನು ಕಂಡಾಗಲೆಲ್ಲ ‘ಏನು ವಸೀಲಿ, ನೀನು ಮನೆಯಲ್ಲಿದ್ದೀಯೋ ಕೊಲ್ಲಿಯಲ್ಲಿದ್ದೀಯೋ?’ ಎಂದು ರೇಗಿಸುತ್ತಿದ್ದರು, ಅವನೂ ನಗುತ್ತಿದ್ದ. ನಿಕಿಫೋರ್ ಮಾತ್ರ ನಗುತ್ತಿರಲಿಲ್ಲ. ಏಕೆಂದರೆ ಆ ವರ್ಷ ಅವನಿಗೆ ವಿಹಾರದ ಹಡಗಿನಲ್ಲಿ ದಾರಿ ತೋರಿಸುವ ಕೆಲಸ ಸಿಕ್ಕಿತ್ತು. ಆ ಹಳ್ಳಿಯಿಂದ ಕ್ಯಾಪ್ಟನ್ನಿನ ಪಕ್ಕದಲ್ಲಿ ನಿಂತ ಮೊದಲ ಮನುಷ್ಯ ಅವನು. ಹಿತ್ತಾಳೆಯ ಗುಂಡಿಗಳ ನೀಲಿ ಕೋಟು ತೊಟ್ಟು ಹಡಗಿನಿಂದ ಇಳಿದು ಬರುತ್ತಿದ್ದರೆ ಅಕ್ಕ ಕಟ್ಟೆಯ ಮೇಲೆ ಎದ್ದು ನಿಲ್ಲುತ್ತಿದ್ದಳು ಎನ್ನುತ್ತಾರೆ.

ಆಗಿನ ಹಡಗುಗಳಿಗೆ ಒಂದು ಚಾಳಿಯಿತ್ತು. ಹಿಮದ ಗೋಡೆಯ ಮುಂದೆ ನಿಂತು ಉಗಿಯ ಸೀಟಿಯನ್ನು ಜೋರಾಗಿ ಕೂಗಿಸುವುದು. ಆ ಸದ್ದಿಗೆ ಗೋಡೆ ಅದುರಿ, ಮನೆಯಷ್ಟು ದೊಡ್ಡ ಹಿಮದ ಹೋಳು ಕಳಚಿ ನೀರಿಗೆ ಬೀಳುತ್ತಿತ್ತು. ಪ್ರಯಾಣಿಕರು ಚಪ್ಪಾಳೆ ತಟ್ಟುತ್ತಿದ್ದರು. ಯಾವ ಹಡಗಿನವರು ಹೆಚ್ಚು ಹಿಮ ಬೀಳಿಸಿದರು ಎಂಬುದೇ ಬಂದರಿನ ಮಾತು. ಹುಟ್ಟು ನಿಂತಿದ್ದ ದಿನ ನಿಕಿಫೋರ್ ‘ಇವತ್ತು ಬೇಡ’ ಎನ್ನುತ್ತಿದ್ದ, ಹಡಗು ಸುಮ್ಮನೆ ತಿರುಗಿ ಬರುತ್ತಿತ್ತು, ಪ್ರಯಾಣಿಕರು ಗೊಣಗುತ್ತಿದ್ದರು. ಆಮೇಲೆ ನೋಡಿದರೆ ಒಳಗೆ ಯಾರೂ ಇರುತ್ತಿರಲಿಲ್ಲ, ಅದು ಭಾವನ ಮರೆವು. ಹೀಗೆ ಪದೇ ಪದೇ ಆಯಿತು. ಹಿಮ ಬೀಳಿಸಲಾಗದ ದಾರಿಕಾರ ತನಗೇಕೆ, ಬೇರೊಬ್ಬನನ್ನು ನೋಡಿಕೊಳ್ಳುತ್ತೇನೆ ಎಂದು ಕ್ಯಾಪ್ಟನ್ ಎಲ್ಲರ ಎದುರಿಗೇ ಹೇಳಿಬಿಟ್ಟ. ಆ ಮಾತು ನಿಕಿಫೋರನಿಗೆ ಮುಳ್ಳಿನಂತೆ ಚುಚ್ಚಿ ಕೂತಿತು.

ಮರುದಿನ ಹಡಗು ಹಳ್ಳಿಯ ಕಟ್ಟೆಗೆ ಬಂತು. ಪ್ರಯಾಣಿಕರು ಬುಟ್ಟಿ ಕೊಳ್ಳಲು ಇಳಿದರು. ಹಿಂದಿನ ದಿನ ಸಂಜೆ ಕೊಲ್ಲಿಯಿಂದ ಮರಳಿದ್ದ ವಸೀಲಿ ಮನೆಯ ಬಾಗಿಲಲ್ಲಿ ಕೂತು ಈಟಿಯ ಮೊನೆ ಮಸೆಯುತ್ತಿದ್ದುದನ್ನು ನಿಕಿಫೋರ್ ಕಣ್ಣಾರೆ ಕಂಡ. ಬುಟ್ಟಿ ಮಾರುವ ಹೆಂಗಸರ ಸಾಲಿನಲ್ಲಿ ಮತ್ರೋನಾ ಕೂರುವ ಜಾಗ ಖಾಲಿಯಿತ್ತು. ಅದನ್ನೂ ಕಂಡ. ಬುಟ್ಟಿಗಳೆಲ್ಲ ಮಾರಿಹೋಗಿರಬೇಕು ಅಂದುಕೊಂಡ. ನಿಜವಾಗಿ ನಡೆದದ್ದು ಬೇರೆ. ವಸೀಲಿ ಹೊಡೆದ ಸೀಲ್ ಒಂದೇ ದೋಣಿಗೆ ಭಾರವಾಗಿ, ಅರ್ಧ ಮಾಂಸವನ್ನು ಗೋಡೆಯ ಬುಡದ ಬಂಡೆಯೊಂದರ ಮೇಲೆ ಬಿಟ್ಟು ಬಂದಿದ್ದ. ಅದನ್ನು ತರಲು ಮತ್ರೋನಾ ಬೆಳಗಾಗುತ್ತಲೇ ಹೊರಟಿದ್ದಳು. ಬಂಡೆಯ ಬಳಿ ಬಂದಾಗ ಹುಟ್ಟು ಆಗಲೇ ನಿಂತಿತ್ತು. ಗಂಡನ ಮರೆವಿಗೆ ಅವಳು ನಕ್ಕಿರಬೇಕು. ಹೇಗೂ ನಿಲ್ಲಿಸಲೇಬೇಕಾದದ್ದು, ನಿಂತಿದೆಯಲ್ಲ ಎಂದು ಒಳಗೆ ಹೋದಳು.

ಹಡಗು ಕೊಲ್ಲಿಯ ಬಾಯಿಗೆ ಬಂದಿತು. ಕ್ಯಾಪ್ಟನ್ ನಿಂತ ಹುಟ್ಟನ್ನು ನೋಡಿ, ‘ಏನಯ್ಯಾ, ಇವತ್ತೂ ಬಾಯಿ ಮುಚ್ಕೊಂಡೇ ಹೋಗ್ಬೇಕೋ?’ ಎಂದ.

‘ಬೇಕಾಗಿಲ್ಲ ಕ್ಯಾಪ್ಟನ್ರೇ. ಅದು ನಮ್ಮ ಭಾವನ ಮರೆವು. ಬೆಳಿಗ್ಗೆ ಅವರನ್ನ ಮನೆ ಬಾಗಿಲಲ್ಲೇ ನೋಡಿ ಬಂದಿದೀನಿ. ಒಳಗೆ ಯಾರೂ ಇಲ್ಲ’ ಎಂದ ನಿಕಿಫೋರ್.

ಕ್ಯಾಪ್ಟನ್ನಿಗೆ ಖುಷಿಯಾಗಿ, ಸೀಟಿಯ ಹಗ್ಗವನ್ನು ಅವನ ಕೈಗೇ ಕೊಟ್ಟ. ಅದೊಂದು ದೊಡ್ಡ ಮರ್ಯಾದೆ. ಹಡಗು ಗೋಡೆಯ ಮುಂದೆ ನಿಂತಿತು, ನಿಕಿಫೋರ್ ಹಗ್ಗ ಎಳೆದ, ಸೀಟಿ ಬಂಡೆಯಿಂದ ಬಂಡೆಗೆ ಬಡಿದು ಮೊಳಗಿತು. ಬಿದ್ದದ್ದು ಬುಟ್ಟಿಯಷ್ಟು ಹಿಮ. ‘ಇಷ್ಟೇನಾ? ಇನ್ನೊಂದ್ಸಲ!’ ಎಂದು ಡೆಕ್ಕಿನಿಂದ ಯಾರೋ ಕೂಗಿದರು, ಉಳಿದವರು ನಕ್ಕರು. ಆ ನಗುವಿನ ನಡುವೆ ಎಲ್ಲೋ ದೂರದಿಂದ, ತೇಲುವ ಹಿಮದ ಆಚೆಯಿಂದ, ತಟ್ಟಿದ ಸದ್ದು ಬಂದಿತು. ಹಿಮ ತಾನಾಗಿಯೂ ಹಾಗೆ ಸದ್ದು ಮಾಡುವುದುಂಟು. ನಿಕಿಫೋರ್ ಹಗ್ಗ ಹಿಡಿದು ನಿಂತ. ‘ಏನ್ ನೋಡ್ತಿದೀಯ? ಎಳಿ!’ ಎಂದ ಕ್ಯಾಪ್ಟನ್. ನಿಕಿಫೋರ್ ಎಳೆದ. ಈ ಸಲ ಗೋಡೆಯ ಒಂದು ಮಗ್ಗುಲೇ ಕುಸಿಯಿತು. ಎದ್ದ ಅಲೆಗೆ ಅಷ್ಟು ದೊಡ್ಡ ಹಡಗು ಏರಿ ಇಳಿಯಿತು. ಜನ ಕೇಕೆ ಹಾಕಿದರು, ಟೋಪಿ ಎಸೆದರು, ಬಂದು ದಾರಿಕಾರನ ಬೆನ್ನು ತಟ್ಟಿದರು. ಅಲೆ ಅಡಗಿದ ಮೇಲೆ ಹಿಮದ ಚೂರುಗಳ ನಡುವೆ ಒಂದು ತೊಗಲಿನ ದೋಣಿ ಬೋರಲಾಗಿ ತೇಲುತ್ತಿತ್ತು. ಅದರ ಅಂಚಿಗೆ ಸಿಕ್ಕಿಕೊಂಡ ಕೆಂಪು ತಲೆವಸ್ತ್ರವನ್ನು ನಿಕಿಫೋರ್ ಗುರುತು ಹಿಡಿದ. ಆಗಲೂ ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು.

ಮತ್ರೋನಾಳ ದೇಹ ಸಿಗಲಿಲ್ಲ. ಊರು ಕೂಡಿತು, ತಪ್ಪು ಯಾರದೆಂದು ಕೇಳಿತು. ವಸೀಲಿ ತಾನಾಗಿಯೇ ಎದ್ದು, ಹುಟ್ಟನ್ನು ಮಲಗಿಸಲು ಮರೆತವನು ನಾನು, ಅವಳನ್ನು ಕೊಂದದ್ದು ನನ್ನ ಮರೆವು ಎಂದ. ಊರು ಒಪ್ಪಿತು. ನಿಕಿಫೋರ್ ಬಾಯಿ ಬಿಡಲಿಲ್ಲ. ಇದು ಈ ಕತೆಯ ಅತಿ ಕೆಟ್ಟ ಭಾಗ, ಪರಸ್ಕೇವಾ ಇಲ್ಲಿಗೆ ಬಂದಾಗ ಬನ್ನನ್ನು ಕೆಳಗಿಡುತ್ತಿದ್ದಳು. ಆ ಚಳಿಗಾಲವಿಡೀ ಮಕ್ಕಳು ವಸೀಲಿಯನ್ನು ಕಂಡರೆ ದೂರ ಸರಿದರು. ಬೇಟೆಗೆ ಅವನನ್ನು ಯಾರೂ ಕರೆಯಲಿಲ್ಲ. ಅವನು ಬರಬರುತ್ತ ಮಾತನ್ನೇ ಬಿಟ್ಟ. ನಿಕಿಫೋರ್ ನೀಲಿ ಕೋಟು ಕಳಚಿ ಪೆಟ್ಟಿಗೆಯಲ್ಲಿಟ್ಟು, ದಿನವೂ ಭಾವನ ಮನೆಗೆ ಸೌದೆ ಹೊತ್ತು ಹಾಕಿದ, ನೀರು ತಂದಿಟ್ಟ. ಊರವರು ಎಂಥ ಒಳ್ಳೆಯ ಹುಡುಗ ಎಂದು ಹೊಗಳಿದರು. ಅವನು ಆ ಹೊಗಳಿಕೆಯನ್ನು ಕೇಳಿಸಿಕೊಂಡು ಮತ್ತೊಂದು ಹೊರೆ ಸೌದೆ ತರುತ್ತಿದ್ದ.

ವಸಂತದಲ್ಲಿ ನೀರು ತೆರೆದಾಗ ವಸೀಲಿ ಒಬ್ಬನೇ ದೋಣಿ ಹತ್ತಿ ಬಂಡೆಗೆ ಹೋದ. ನಿಕಿಫೋರ್ ಹಿಂದೆಯೇ ಹೋದ. ಹುಟ್ಟು ಇನ್ನೂ ನಿಂತಿತ್ತು. ವಸೀಲಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ‘ಇದೊಂದನ್ನಾದ್ರೂ ನೆನಪಿಟ್ಟು ಮಲಗಿಸ್ತೀನಿ ಕಣೋ, ಬಿಡು’ ಎಂದ.

‘ಮುಟ್ಬೇಡಿ ಭಾವ’ ಎಂದು ನಿಕಿಫೋರ್ ಅವನ ಕೈ ಹಿಡಿದ. ‘ಅವತ್ತು ನೀವು ಮಲಗಿಸಿದ್ದಿದ್ರೂ ಅಕ್ಕ ಅದನ್ನ ನಿಲ್ಲಿಸಿಯೇ ಒಳಗೆ ಹೋಗ್ತಿದ್ದಳು. ನಾನು ಬಂದಾಗ ಅದು ನಿಂತೇ ಇರ್ತಿತ್ತು. ನಿಮ್ಮ ಮರೆವಿನಿಂದ ಏನೂ ಆಗಿಲ್ಲ. ಹುಟ್ಟು ನಿಜಾನೇ ಹೇಳ್ತಿತ್ತು, ಸುಳ್ಳು ಅಂದವನು ನಾನು.’ ಅಷ್ಟು ಹೇಳಿ ಅವನು ಭಾವನ ಕೈ ಬಿಟ್ಟ. ‘ಅವಳು ತಟ್ಟಿದಳು ಭಾವ. ನನಗೆ ಕೇಳಿಸ್ತು. ಕೇಳಿಸಿದ ಮೇಲೂ ಎಳೆದೆ.’

ವಸೀಲಿ ಹುಟ್ಟನ್ನು ಬಿಡಲಿಲ್ಲ. ಹೊಡೆಯಲಿಲ್ಲ, ಬೈಯಲಿಲ್ಲ. ಒಂದೇ ಮಾತು ಕೇಳಿದ. ‘ನೀನು ತಿರುಗಿ ತಟ್ಟಿದ್ಯಾ?’

‘ಇಲ್ಲ ಭಾವ.’

‘ಹಾಗಾದ್ರೆ ಅವಳು ಇನ್ನೂ ಕಾಯ್ತಾ ಇರ್ತಾಳೆ’ ಎಂದು ವಸೀಲಿ ಹುಟ್ಟಿನಿಂದ ಕೈ ತೆಗೆದ.

ಅಂದಿನಿಂದ ಆ ಹುಟ್ಟನ್ನು ಯಾರೂ ಮಲಗಿಸಿಲ್ಲ. ಕೊನೆಗೆ ಹೊರಬರುವವರು ತಾನೇ ಮಲಗಿಸಬೇಕು? ಮತ್ರೋನಾ ಹೊರಬಂದಿಲ್ಲ. ನಿಕಿಫೋರ್ ಊರನ್ನು ಕೂಡಿಸಿ ಎಲ್ಲವನ್ನೂ ಹೇಳಿದ. ಊರು ಅವನಿಗೆ ಕೊಡಬಹುದಾಗಿದ್ದ ಯಾವ ಶಿಕ್ಷೆಗೂ ಕಾಯದೆ, ಕೊಲ್ಲಿಯ ಬಾಯಿಯ ಬಂಡೆಯ ಪಕ್ಕದಲ್ಲೇ ಗುಡಿಸಲು ಹಾಕಿದ. ಹಡಗು ಬರುವುದು ಕಂಡರೆ ದೋಣಿಯಲ್ಲಿ ಅಡ್ಡ ಹೋಗಿ, ಎದ್ದು ನಿಂತು, ಎರಡೂ ಕೈ ಎತ್ತಿ ತಮ್ಮ ಮಾತಿನಲ್ಲಿ ‘ಒಳಗಿದ್ದಾರೆ! ಒಳಗಿದ್ದಾರೆ!’ ಎನ್ನುತ್ತಿದ್ದ. ಕೆಲವರು ಅವನನ್ನು ಹುಚ್ಚನೆಂದರು, ಆದರೂ ದೋಣಿಯ ಮೇಲೆ ಹಾಯಿಸಿಕೊಂಡು ಹೋಗುವಂತಿಲ್ಲವಲ್ಲ, ಸೀಟಿ ಹಾಕದೆ ಒಳಹೋದರು. ಕೊಲ್ಲಿಯ ಹೆಸರೇನೆಂದು ತಿಳಿಯದ ಕ್ಯಾಪ್ಟನ್ನರು ಅವನು ಹೇಳುತ್ತಿದ್ದ ಮಾತನ್ನೇ ನಕ್ಷೆಯಲ್ಲಿ ಬರೆದುಕೊಂಡರು. ಹೆಸರು ಹಾಗೆ ಬಂತು ಎನ್ನುತ್ತಾರೆ. ನಿಕಿಫೋರನಿಗೆ ಆ ಸದ್ದು ನಿಜವಾಗಿ ಕೇಳಿಸಿರಲಾರದು, ಸೀಟಿಯ ಅಬ್ಬರದ ಬೆನ್ನಿಗೇ ಹೇಗೆ ಕೇಳಿಸೀತು, ದುಃಖಕ್ಕೆ ಹಾಗೆ ಹೇಳಿಕೊಂಡಿದ್ದಾನೆ ಎನ್ನುವವರೂ ಹಳ್ಳಿಯಲ್ಲಿದ್ದಾರೆ. ಅವನು ಮಾತ್ರ ಸಾಯುವತನಕ ಕೇಳಿಸಿತ್ತು ಎಂದೇ ಹೇಳಿದನಂತೆ.

ಈಗ ಹಿಮದ ಗೋಡೆ ಬಹಳ ಹಿಂದೆ ಸರಿದಿದೆ. ಮತ್ರೋನಾ ಮುಳುಗಿದ ಜಾಗದಲ್ಲಿ ಇವತ್ತು ತೆರೆದ ನೀರು, ಅದರ ಮೇಲೆ ನಮ್ಮ ಹಡಗು ನಿಧಾನವಾಗಿ ತಿರುಗುತ್ತದೆ. ಹುಟ್ಟು ಗಾಳಿ ಮಳೆಗೆ ಸವೆದಾಗ ಹಳ್ಳಿಯವರು ಹೊಸದನ್ನು ತಂದು ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಹಳೆಯದನ್ನು ತೆಗೆಯುತ್ತಾರೆ. ಬಂಡೆ ಒಂದು ಗಳಿಗೆಯೂ ಬರಿದಾಗಿರುವುದಿಲ್ಲ. ಹಿಮ ಆಗೊಮ್ಮೆ ಈಗೊಮ್ಮೆ ತಾನಾಗಿ ಕಳಚಿ ಬೀಳುತ್ತದೆ, ಹೊಸಬರು ಚಪ್ಪಾಳೆಗೆಂದು ಕೈ ಎತ್ತಿ, ಸುತ್ತ ಯಾರೂ ತಟ್ಟದಿರುವುದನ್ನು ಕಂಡು ಇಳಿಸುತ್ತಾರೆ. ಹಡಗು ಕೊಲ್ಲಿಯಿಂದ ಹೊರಡುವಾಗ ಪರಸ್ಕೇವಾ ಹಿಂಭಾಗದ ಡೆಕ್ಕಿನ ಮೂಲೆಗೆ ಹೋಗಿ ನಿಲ್ಲುತ್ತಾಳೆ. ಅವಳಿಗಿಂತ ಮೊದಲು ಅವಳ ತಾಯಿ ಅಲ್ಲಿ ನಿಲ್ಲುತ್ತಿದ್ದಳಂತೆ. ಬೆರಳ ಗೆಣ್ಣಿನಿಂದ ಕಟಕಟೆಯ ಕಬ್ಬಿಣವನ್ನು ಮೆಲ್ಲಗೆ ತಟ್ಟುತ್ತಾಳೆ, ನಿಂತು ಆಲಿಸುತ್ತಾಳೆ, ಮತ್ತೆ ತಟ್ಟುತ್ತಾಳೆ. ಪ್ರತಿ ವರ್ಷ ಹಡಗಿಗೆ ಹೊಸದಾಗಿ ಬಿಳಿ ಬಣ್ಣ ಬಳಿಯುತ್ತೇವೆ. ಬೇಸಿಗೆ ಮುಗಿಯುವಷ್ಟರಲ್ಲಿ ಆ ಮೂಲೆಯ ಬಣ್ಣ ಅಂಗೈಯಗಲ ಎದ್ದು ಹೋಗಿ ಕಬ್ಬಿಣ ಕಾಣುತ್ತಿರುತ್ತದೆ.