ಗೇಟಿನ ಐತಪ್ಪನ ಇಂಗ್ಲಿಷ್

ತಪಾಸಣೆ ಮುಗಿಸಿ ಹೊರಟ ಸಾಹೇಬರು ಕಾನ್ವೆಂಟಿನ ಗೇಟು ಕಾಯುವ ಐತಪ್ಪನನ್ನು ತಡೆದು ನಿಲ್ಲಿಸಿದರು.

"ಇಂಗ್ಲಿಷಿನಲ್ಲಿ ಸೀ, ಲುಕ್, ವಾಚ್ ಎಂದು ಮೂರಿವೆ. ವ್ಯತ್ಯಾಸ ಹೇಳು. ತಿಳಿಯದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಐತಪ್ಪನ ತಲೆ ಗಿರ್ರೆಂದಿತು. ಮೂರೂ ನೋಡುವುದೇ ಅಲ್ಲವೇ? ಕಂಗಾಲಾಗಿ ಸಾಹೇಬರನ್ನೇ ನೋಡುತ್ತ ನಿಂತ. ಆಮೇಲೆ ಮೆಲ್ಲಗೆ ಹೇಳಿದ:

"ಬೆಳಿಗ್ಗೆ ತಾವು ಗೇಟಿನ ಪುಸ್ತಕದಲ್ಲಿ ಸಹಿ ಹಾಕಿದ್ದು ಕಣ್ಣಿಗೆ ಬಿತ್ತು, ಸ್ವಾಮಿ. ಅದು ಸೀ. ಪುಸ್ತಕಕ್ಕೆ ದಾರದಿಂದ ಕಟ್ಟಿದ್ದ ಪೆನ್ನು ಎಲ್ಲಿ ಹೋಯಿತೆಂದು ತಿರುಗಿ ತಿರುಗಿ ನೋಡಿದೆ. ಅದು ಲುಕ್. ಈಗ ತಮ್ಮ ಜೇಬಿನಿಂದ ಜೋತಾಡುವ ದಾರದ ಮೇಲಿಂದ ಕಣ್ಣು ತೆಗೆದಿಲ್ಲ. ಅದು ವಾಚ್."

ಸಾಹೇಬರು ಗಲಿಬಿಲಿಗೊಂಡು ಜೇಬು ತಡವಿದರು. ಪೆನ್ನನ್ನು ಅವನ ಕೈಗಿಟ್ಟು, "ನಾಳೆ ಹೊತ್ತಿಗೆ ಸರಿಯಾಗಿ ಬಾ" ಎಂದು ಗದರಿ, ಗೇಟನ್ನು ತಾವೇ ತೆರೆದುಕೊಂಡು ಹೋದರು.