ಘಟ್ಟದಲ್ಲಿ ಇಳಿದ ಮುಳ್ಳು

“ಗುರುಗಳೇ, ಮಠದ ಅಡುಗೆಮನೆಯನ್ನು ನನಗೆ ಒಪ್ಪಿಸಿ ಆರು ತಿಂಗಳಾಯಿತು. ಅಡುಗೆಯವರ ಜಗಳ ನಿಂತಿಲ್ಲ. ಒಬ್ಬೊಬ್ಬರನ್ನೂ ಕೂರಿಸಿ ಕೇಳಿದೆ, ಇಬ್ಬರನ್ನು ಬದಲಾಯಿಸಿದೆ. ತಪ್ಪು ಎಲ್ಲಿದೆಯೆಂದು ಹೇಗೆ ಕಂಡುಹಿಡಿಯಲಿ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಘಟ್ಟದ ಬುಡದ ಊರಿನಲ್ಲಿ ದಸ್ತಗೀರ್ ಎಂಬ ಮೆಕ್ಯಾನಿಕ್ ಇದ್ದ. ಒಂದು ದಿನ ಚನ್ನವೀರ ಎಂಬವನು ಅವನ ಬಳಿಗೆ ಕಾರು ತಂದ. ವಾರಕ್ಕೆ ಎರಡು ಸಲ ಅವನು ತನ್ನ ಅಕ್ಕನನ್ನು ಘಟ್ಟದ ಮೇಲಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು. ಕಾರು ಬಯಲಿನಲ್ಲಿ ಸಲೀಸಾಗಿ ಓಡುತ್ತಿತ್ತು. ಏರಿನಲ್ಲಿ ಮುಗ್ಗರಿಸಿ ನಿಂತುಬಿಡುತ್ತಿತ್ತು. ಕಳೆದ ಸಲ ಅಕ್ಕನನ್ನು ದಾರಿಯಲ್ಲಿ ಯಾರದೋ ಲಾರಿಗೆ ಹತ್ತಿಸಿದ್ದ.

ದಸ್ತಗೀರ್ ಪ್ಲಗ್ ಬದಲಿಸಿದ. ಇಂಜೆಕ್ಟರ್ ತೊಳೆದ. ಕಾರು ಮತ್ತೆ ಏರಿನಲ್ಲಿ ನಿಂತಿತು.

“ನಾಳೆ ಅಕ್ಕನ ಸರದಿ, ದಸ್ತಗೀರಣ್ಣ,” ಎಂದ ಚನ್ನವೀರ.

ದಸ್ತಗೀರ್ ಪೆಟ್ರೋಲಿನ ಒತ್ತಡ ಅಳೆಯುವ ಮೀಟರನ್ನು ಎಂಜಿನ್ನಿಗೆ ಜೋಡಿಸಿದ. ಕಾರು ನಿಂತಿದ್ದಾಗ ಮೀಟರಿನ ಮುಳ್ಳು ಇರಬೇಕಾದಲ್ಲೇ ಇತ್ತು. ಅವನು ಅಷ್ಟಕ್ಕೆ ಬಿಡಲಿಲ್ಲ. ಉದ್ದನೆಯ ಪೈಪು ಹಾಕಿ, ಮೀಟರನ್ನು ಮುಂದಿನ ಗಾಜಿನ ಹೊರಗೆ ಕಾಣುವಂತೆ ಕಟ್ಟಿದ. ಇಬ್ಬರೂ ಘಟ್ಟ ಹತ್ತಿದರು.

ಮೊದಲ ತಿರುವಿನಲ್ಲಿ ಮುಳ್ಳು ಕದಲಲಿಲ್ಲ. ಎರಡನೆಯದರಲ್ಲಿ ನಡುಗಿತು. ಮೂರನೆಯದರಲ್ಲಿ ಚನ್ನವೀರ ಆಕ್ಸಿಲರೇಟರ್ ಒತ್ತಿದಂತೆಲ್ಲ ಮುಳ್ಳು ಇಳಿಯಿತು, ಇನ್ನೂ ಇಳಿಯಿತು, ಅರ್ಧಕ್ಕೆ ಬಂತು. ಎಂಜಿನ್ ಮುಗ್ಗರಿಸಿತು. ದಸ್ತಗೀರ್ ತೊಡೆ ತಟ್ಟಿ ನಕ್ಕ. ಮೂರು ದಿನದಿಂದ ಅಡಗಿದ್ದದ್ದು ಕಣ್ಣೆದುರು ಸಿಕ್ಕಿಬಿದ್ದಿತ್ತು. ಎಂಜಿನ್ನಿಗೆ ಸಾಕಷ್ಟು ಪೆಟ್ರೋಲೇ ಬರುತ್ತಿರಲಿಲ್ಲ.

ಕಾರನ್ನು ಇಳಿಜಾರಿನಲ್ಲೇ ಗ್ಯಾರೇಜಿಗೆ ತಂದರು. ದಸ್ತಗೀರ್ ಫಿಲ್ಟರ್ ಬಿಚ್ಚಿ ಊದಿದ. ಅದು ಕಟ್ಟಿಕೊಂಡಿರಲಿಲ್ಲ. ಇನ್ನು ಉಳಿದದ್ದು ಟ್ಯಾಂಕಿನೊಳಗಿನ ಪಂಪು. ಎರಡು ತಿಂಗಳ ಹಿಂದೆ ಅದನ್ನು ಹೊಸದಾಗಿ ಹಾಕಿದವನು ಅವನೇ. ಆದರೂ ಟ್ಯಾಂಕಿನ ಮುಚ್ಚಳ ಬಿಚ್ಚಿದ. ಆಮೇಲೆ ಪಂಪನ್ನು ಹೊರಗೆ ತೆಗೆದ.

ಪಂಪು ಚೆನ್ನಾಗಿಯೇ ಇತ್ತು. ಅದರ ಮೇಲಿನ ಪೈಪಿನ ಕ್ಲಿಪ್ಪು ಸಡಿಲವಾಗಿತ್ತು. ಮೇಲೇರಬೇಕಾದ ಪೆಟ್ರೋಲು ಅಲ್ಲಿಂದ ಸೋರಿ ಟ್ಯಾಂಕಿಗೇ ಮರಳುತ್ತಿತ್ತು. ಹೊರಗೆ ಒಂದು ಹನಿಯೂ ಬೀಳುತ್ತಿರಲಿಲ್ಲ.

“ಇದು ನನ್ನ ಕೈಯಿಂದಲೇ ಆದದ್ದು, ಚನ್ನವೀರ,” ಎಂದ ದಸ್ತಗೀರ್. ಹೊಸ ಪೈಪು ಹಾಕಿ ಕ್ಲಿಪ್ಪು ಬಿಗಿದ.

ಮತ್ತೆ ಘಟ್ಟ. ಮೂರನೆಯ ತಿರುವು ದಾಟಿತು, ಏಳನೆಯದೂ ದಾಟಿತು. ಮುಳ್ಳು ಅಲುಗಲಿಲ್ಲ. ತುದಿ ತಲುಪಿದಾಗ ಚನ್ನವೀರ ಸುಮ್ಮಸುಮ್ಮನೆ ಹಾರ್ನ್ ಹೊಡೆದ. ಮರುದಿನ ಅವನ ಅಕ್ಕ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

“ಅಷ್ಟು ನುರಿತವನಿಗೆ ಪಂಪಿನ ಕಡೆ ಮೊದಲೇ ಗಮನ ಏಕೆ ಹೋಗಲಿಲ್ಲ, ಗುರುಗಳೇ?”

“ಅದನ್ನು ಹಾಕಿದವನು ಅವನೇ, ತನ್ನ ಕೆಲಸದ ಮೇಲೆ ಅವನಿಗೆ ಅನುಮಾನ ಬರಲಿಲ್ಲ. ನೀನು ಇನ್ನೂ ಯಾರನ್ನು ಕೂರಿಸಿ ಕೇಳಿಲ್ಲ?”

“ನನ್ನನ್ನೇ, ಗುರುಗಳೇ,” ಎಂದ ಶಿಷ್ಯ.