ಹಿಟ್ಟಿನ ಹೆಜ್ಜೆ

"ಗುರುಗಳೇ, ಕೆಲವು ದಿನಗಳಿಂದ ನಾನು ಧ್ಯಾನಕ್ಕೆ ಕೂತಿಲ್ಲ," ಎಂದ ಶಿಷ್ಯ. "ಧ್ಯಾನದಲ್ಲಿ ಮನಸ್ಸು ನಿಂತವರ ಲಕ್ಷಣಗಳೆಂದು ಹಿರಿಯರು ಹೇಳಿದವುಗಳಲ್ಲಿ ಒಂದೂ ನನ್ನಲ್ಲಿ ಕಾಣಲಿಲ್ಲ. ಆ ಶಾಂತಿಗೆ ಹಂಬಲಿಸಿಯೇ ನಾನು ಇಲ್ಲಿಗೆ ಬಂದವನು. ನನ್ನಲ್ಲೇ ಏನೋ ಊನವಿದೆಯೇ?"

ಗುರುಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಬಂದು ಇನ್ನೂ ವರ್ಷ ತುಂಬಿಲ್ಲ, ಆಗಲೇ ತಪಾಸಣೆ ಮುಗಿಸಿಬಿಟ್ಟೆಯಾ? ಕೂತುಕೋ," ಎಂದು ಕತೆ ಶುರುಮಾಡಿದರು.

ಒಬ್ಬ ವ್ಯಾಪಾರಿಗೆ ಮದುವೆಯಾಗಿ ಬಹಳ ಕಾಲ ಮಕ್ಕಳಾಗಲಿಲ್ಲ. ಮನೆಯಲ್ಲಿ ಪುಟ್ಟ ಹೆಜ್ಜೆಯ ಸದ್ದು ಕೇಳಬೇಕೆಂಬುದೊಂದೇ ಅವನ ಹೆಂಡತಿಯ ಹಂಬಲ. ಪ್ರತಿ ವರ್ಷ ಕೃಷ್ಣಾಷ್ಟಮಿಗೆ ಅವಳು ಎಲ್ಲರಂತೆ ಮುಷ್ಟಿಯ ಪಕ್ಕವನ್ನು ಅಕ್ಕಿಹಿಟ್ಟಿನ ನೀರಿನಲ್ಲಿ ಅದ್ದಿ ನೆಲಕ್ಕೆ ಒತ್ತುತ್ತಿದ್ದಳು. ಅದರ ಮೇಲೆ ಬೆರಳ ತುದಿಯಿಂದ ಐದು ಚುಕ್ಕೆ ಇಟ್ಟರೆ ಬಾಲಕೃಷ್ಣನ ಪಾದ. ಹೊಸ್ತಿಲಿನಿಂದ ದೇವರ ಕೋಣೆಯವರೆಗೂ ಹೆಜ್ಜೆ ಮೂಡಿಸುತ್ತಿದ್ದಳು. ಹಬ್ಬ ಮುಗಿದರೂ ಅವನ್ನು ಒರೆಸಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

ಕೊನೆಗೊಂದು ಗಂಡು ಮಗುವಾಯಿತು. ಅದು ನಡೆಯಲು ಕಲಿತ ಹೊಸತರಲ್ಲಿ ಒಂದು ದಿನ ಬಚ್ಚಲಿಂದ ಒದ್ದೆ ಕಾಲಲ್ಲಿ ಓಡಿ ಬಂತು. ನೆಲದ ಮೇಲೆ ಮೂಡಿದ ಹೆಜ್ಜೆ ಕಂಡು ತಾಯಿ ಬೆಚ್ಚಿ, ಬಗ್ಗಿ ನೋಡಿದಳು. ಹಿಟ್ಟಿನ ಹೆಜ್ಜೆಗೆ ಒಳಬದಿಯಲ್ಲಿ ಚೆಂದದ ಬಾಗು ಇರುತ್ತಿತ್ತು. ಮಗುವಿನದು ತಟ್ಟಿದ ರೊಟ್ಟಿಯ ಹಾಗೆ ಪೂರಾ ಚಪ್ಪಟೆ. ನಿಂತಾಗ ಹಿಮ್ಮಡಿಯೂ ಒಳಕ್ಕೆ ವಾಲುತ್ತಿತ್ತು.

ಮಗುವಿನ ಕಾಲಿನಲ್ಲಿ ದೋಷವಿದೆ ಎಂದು ಅವಳು ತೀರ್ಮಾನಿಸಿಬಿಟ್ಟಳು. ನಡೆದರೆ ಇನ್ನೂ ಕೆಡುತ್ತದೆಂದು ಹೆದರಿ, ಪಾದಕ್ಕೆ ಅರಳೆಯಿಟ್ಟು ಬಟ್ಟೆ ಸುತ್ತಿ, ಅಂದಿನಿಂದ ಮಗುವನ್ನು ಸೊಂಟದಿಂದ ಕೆಳಗಿಳಿಸಲಿಲ್ಲ. ಮೊದಮೊದಲು ಅದು ಇಳಿಯಲು ಕೊಸರಾಡಿತು. ಆಮೇಲೆ ಅಭ್ಯಾಸವಾಯಿತು. ಗಂಡ ಬುದ್ಧಿ ಹೇಳಲು ಹೋಗಿ, ಬೈಸಿಕೊಂಡು ಅಂಗಡಿಯ ದಾರಿ ಹಿಡಿದ.

ಮತ್ತೆ ಅಷ್ಟಮಿ ಬಂತು. ಮಗುವನ್ನು ತೊಟ್ಟಿಲಲ್ಲಿ ಕೂರಿಸಿ ಅವಳು ಹೆಜ್ಜೆ ಬಿಡಿಸಿದಳು. ಎದ್ದು ನೋಡಿದರೆ, ಮಗುವಿರುವ ಮನೆಯಲ್ಲೂ ಇರುವುದು ಹಿಟ್ಟಿನ ಹೆಜ್ಜೆ ಮಾತ್ರ. ಮಕ್ಕಳಿಲ್ಲದ ದಿನಗಳಲ್ಲೂ ಅವಳು ಆ ಪುಟ್ಟ ಹೆಜ್ಜೆಯ ಸದ್ದಿಗೆ ಅಷ್ಟು ಹಂಬಲಿಸಿರಲಿಲ್ಲ. ಅಳು ತಡೆಯಲಾರದೆ ಗಂಡನನ್ನು ಕಳಿಸಿ ವೈದ್ಯನನ್ನು ಕರೆಸಿದಳು.

ವೈದ್ಯ ಬಟ್ಟೆ ಬಿಚ್ಚಿ ಪಾದವನ್ನು ಅತ್ತಿತ್ತ ತಿರುಗಿಸಿ ನೋಡಿದ. ನೋವಿರಲಿಲ್ಲ, ಬಿಗಿತವೂ ಇರಲಿಲ್ಲ. ಮಗುವನ್ನು ನೆಲಕ್ಕೆ ನಿಲ್ಲಿಸಿ, ಹಬ್ಬದ ಉಂಡೆಯೊಂದನ್ನು ಅದರ ತಲೆಯ ಮೇಲೆ ಹಿಡಿದ. ಉಂಡೆಯ ಆಸೆಗೆ ಮಗು ತಾಯಿಯ ಸೆರಗು ಹಿಡಿದುಕೊಂಡು ತುದಿಗಾಲಲ್ಲಿ ನಿಂತಿತು. ಆಗ ಪಾದದ ಒಳಬದಿಯಲ್ಲಿ ಬಾಗು ಮೂಡಿತು.

"ನೋಡಮ್ಮ, ಬಾಗು ಇದ್ದೇ ಇದೆ," ಎಂದ ವೈದ್ಯ. "ಈ ವಯಸ್ಸಿಗೆ ಪಾದ ಹೀಗಿರುವುದೇ ಸಹಜ. ಓಡಾಡಿಕೊಂಡು ಬೆಳೆದರೆ ತಾನಾಗಿ ಸರಿಹೋಗುತ್ತೆ. ನೀನು ಯಾವ ಮಗುವಿನ ಪಾದ ನೋಡಿ ಹೆದರಿದೆ?"

ಅವಳು ನೆಲದ ಹೆಜ್ಜೆಗಳತ್ತ ಕೈ ತೋರಿಸಿದಳು. ಕೈಗೆ ಹಿಟ್ಟು ಮೆತ್ತಿಕೊಂಡೇ ಇತ್ತು. ಇಷ್ಟು ದಿನ ತಾನು ಮಗನ ಪಾದವನ್ನು ತನ್ನ ಮುಷ್ಟಿಯೊಂದಿಗೆ ಹೋಲಿಸಿದ್ದು ಆಗ ಅವಳಿಗೆ ಹೊಳೆಯಿತು. ನಾಚಿಕೆಯಾಯಿತು.

ವೈದ್ಯ ಹೋದ ಮೇಲೆ ಮಗುವನ್ನು ಹೊಸ್ತಿಲ ಬಳಿ ನಿಲ್ಲಿಸಿ, ತಾನು ದೇವರ ಕೋಣೆಯ ಮುಂದೆ ಕೂತು ಬಾ ಬಾ ಎಂದು ಕರೆದಳು. ಮಗು ಹೆಜ್ಜೆ ಎತ್ತಲಿಲ್ಲ. ಎತ್ತಿಕೋ ಎಂದು ಎರಡೂ ಕೈ ಚಾಚಿ ಅಳತೊಡಗಿತು. ಎತ್ತಿಕೊಳ್ಳಲು ಅವಳ ಕೈ ತಾನಾಗಿ ಮುಂದಾಯಿತು. ಆದರೂ ಏಳದೆ, ಕರೆಯುತ್ತಲೇ ಕೂತಳು.

ಗುರುಗಳು ಕತೆ ಅಲ್ಲಿಗೇ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, "ಆಮೇಲೆ ಮಗು ನಡೆಯಿತೇ?" ಎಂದು ಕೇಳಿದ.

"ಹೆಜ್ಜೆ ಎತ್ತದೆ ಕೈ ಚಾಚಿಕೊಂಡು ನಿಂತಿರುವವನು ನೀನು, ನನ್ನನ್ನೇಕೆ ಕೇಳುತ್ತೀಯ?" ಎಂದರು ಗುರುಗಳು.